ಬೇಡದ ಆ್ಯಪ್‌ಗಳಿಗೆ ಬೀಗ

‘ಈ ಕಂಪ್ಯೂಟರ್ ಸಾಲದು, ಹೊಸದು ಕೊಡಿಸಿ’ ಎಂದು ಮಕ್ಕಳು ಕೇಳಿದರೆ ತಂದೆ-ತಾಯಿ ಜೇಬು ಮುಟ್ಟಿ ನೋಡಿಕೊಳ್ಳುವುದು ಸಹಜ. ಮೊಬೈಲ್ ಆ್ಯಪ್ ಬರೆಯಲು ಕಲಿಯುತ್ತಿರುವವರ ಮನೆಯಲ್ಲಿ ಈ ಬೇಡಿಕೆಗೆ ಬಹುಮಟ್ಟಿಗೆ ಕಾರಣ ಎಮ್ಯುಲೇಟರ್. ಅಂದರೆ, ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಆಂಡ್ರಾಯ್ಡ್ ಫೋನಿನ ಪ್ರತಿರೂಪ. ಗೂಗಲ್ 2013ರಲ್ಲಿ ಪ್ರಕಟಿಸಿದ ಆಂಡ್ರಾಯ್ಡ್ ಸ್ಟುಡಿಯೋ ತಂತ್ರಾಂಶದ ಜತೆ ಇದು ಉಚಿತವಾಗಿ ಸಿಗುತ್ತದೆ.

ಕಂಪ್ಯೂಟರಿನೊಳಗೆ ಇನ್ನೊಂದು ಇಡೀ ಫೋನನ್ನೇ ಓಡಿಸಬೇಕೆಂದರೆ ಮೆಮರಿ ಧಾರಾಳವಾಗಿ ಬೇಕು. ಸಾಲದ್ದಕ್ಕೆ ಯೂಟ್ಯೂಬ್, ಮ್ಯಾಪ್ಸ್‌ನಂಥ ಆ್ಯಪ್‌ಗಳು ಕರೆಯದೆ ಬಂದ ನೆಂಟರಂತೆ ಒಳಗೇ ಕುಳಿತಿರುತ್ತವೆ. ಅವು ಇರುವುದು ಸಿಸ್ಟಂ ಭಾಗದಲ್ಲಿ. ಆದ್ದರಿಂದ ಸುಲಭವಾಗಿ ಅಳಿಸಲಾಗದು, ಆದರೆ ಬೀಗ ಹಾಕಬಹುದು.

ಇದಕ್ಕಿರುವ ಸಾಧನ ‘ಎಡಿಬಿ’. ಇದರ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಮೊದಲು ‘ಎಡಿಬಿ ಡಿವೈಸಸ್’ ಎಂದು ಕೊಟ್ಟರೆ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ಬರುತ್ತದೆ; ಮೊದಲ ಎಮ್ಯುಲೇಟರಿನ ಹೆಸರು ಸಾಮಾನ್ಯವಾಗಿ ಎಮ್ಯುಲೇಟರ್-5554. ಅಪ್ಪನ ಫೋನ್ ಕೇಬಲ್‌ನಲ್ಲಿ ಸಿಕ್ಕಿಸಿದ್ದರೆ ಬಿಡಿಸಿಡುವುದು ಕ್ಷೇಮ.

‘ಎಡಿಬಿ ಶೆಲ್ ಪಿಎಂ ಲಿಸ್ಟ್ ಪ್ಯಾಕೇಜಸ್’ ಎಂದರೆ ಒಳಗಿರುವ ಎಲ್ಲ ಆ್ಯಪ್‌ಗಳ ನಿಜನಾಮಗಳು ಕಾಣುತ್ತವೆ. ಯೂಟ್ಯೂಬ್ ಬೇಡವಾದರೆ ‘ಎಡಿಬಿ ಶೆಲ್ ಪಿಎಂ ಡಿಸೇಬಲ್-ಯೂಸರ್ --ಯೂಸರ್ 0 ಕಾಂ.ಗೂಗಲ್.ಆಂಡ್ರಾಯ್ಡ್.ಯೂಟ್ಯೂಬ್’ ಎಂದು ಕೊಡಬೇಕು. ಅದರ ಚಿತ್ರ ಪರದೆಯಿಂದ ಮರೆಯಾಗುತ್ತದೆ. ಹಿನ್ನೆಲೆಯಲ್ಲಿ ಓಡುವುದೂ ನಿಲ್ಲುತ್ತದೆ. ಮತ್ತೆ ಬೇಕೆನಿಸಿದರೆ ‘ಎಡಿಬಿ ಶೆಲ್ ಪಿಎಂ ಎನೇಬಲ್’ ಎಂದು ಬರೆದು ಅದೇ ಹೆಸರು ಸೇರಿಸಿದರಾಯಿತು.

ಎಚ್ಚರಿಕೆಯೂ ಬೇಕು. ಪರದೆಯ ಮೇಲ್ಪಟ್ಟಿಯನ್ನು ನೋಡಿಕೊಳ್ಳುವ ಸಿಸ್ಟಂಯುಐ, ಮುಖಪುಟ ತೋರಿಸುವ ಲಾಂಚರ್, ಸೆಟಿಂಗ್ಸ್ ಇವುಗಳ ತಂಟೆಗೆ ಹೋಗಬಾರದು. ಒಂದೊಂದೇ ಆ್ಯಪ್ ನಿಲ್ಲಿಸಿ, ಪರೀಕ್ಷಿಸಿ, ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಏನಾದರೂ ಎಡವಟ್ಟಾದರೆ ‘ವೈಪ್ ಡೇಟಾ’ ಆಯ್ಕೆಯಿಂದ ಎಮ್ಯುಲೇಟರ್ ಮೊದಲಿನಂತಾಗುತ್ತದೆ. ಆಗ ಹಾಕಿದ ಬೀಗಗಳೂ ತೆರೆದುಕೊಳ್ಳುತ್ತವೆ. ನೋಟ್‌ಬುಕ್ ನೆರವಿಗೆ ಬರುವುದು ಆಗಲೇ.

ಇದರಿಂದ ಕಂಪ್ಯೂಟರಿನ ಮೆಮರಿಯೇನೂ ಬೆಳೆಯದು, ಡಿಸ್ಕಿನ ಜಾಗವೂ ಅಷ್ಟಾಗಿ ಉಳಿಯದು. ಹೊರೆ ಮಾತ್ರ ತುಸು ಇಳಿಯುತ್ತದೆ. ಎಮ್ಯುಲೇಟರ್ ಸಿದ್ಧಪಡಿಸುವಾಗಲೇ ಗೂಗಲ್ ಆ್ಯಪ್‌ಗಳಿಲ್ಲದ ಸಿಸ್ಟಂ ಇಮೇಜ್ ಆರಿಸಿಕೊಂಡರೆ ಇನ್ನೂ ಹಗುರ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಈ ಉಪಾಯವನ್ನು ಮಕ್ಕಳು ಮೊದಲು ಮಾಡಿ ನೋಡಲಿ. ಹೊಸ ಕಂಪ್ಯೂಟರಿನ ಮಾತು ಆಮೇಲೆ.