639 ವರ್ಷಗಳ ಶ್ರುತಿ

ತಂದೆಯವರು ತೀರಿಕೊಂಡ ಮರುವರ್ಷ, 2024ರ ವಸಂತದಲ್ಲಿ, ಅಮ್ಮನನ್ನು ಮೂರು ತಿಂಗಳ ಮಟ್ಟಿಗೆ ಮೈಸೂರಿನಿಂದ ಜರ್ಮನಿಗೆ ಕರೆತಂದಿದ್ದೆ. ನಾನಿರುವ ಮಾಗ್ಡೆಬುರ್ಗ್‌ನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹುಲ್ಲು ಕತ್ತರಿಸುವ ಯಂತ್ರವನ್ನು ಸಹ ಓಡಿಸುವಂತಿಲ್ಲ. ನನಗೆ ವರವಾಗಿದ್ದ ಆ ನಿಶ್ಶಬ್ದ ಅಮ್ಮನಿಗೆ ಭಾರವಾಯಿತು. “ಒಂದು ಸದ್ದೂ ಇಲ್ಲವಲ್ಲೋ, ಕಿವಿಯೇ ಹೋಯಿತೇನೋ ಅನ್ನಿಸುತ್ತೆ” ಎಂದರು. ಬೀದಿಯ ಮಕ್ಕಳಿಗೆಲ್ಲ ನಲವತ್ತು ವರ್ಷ ಸಂಗೀತ ಹೇಳಿಕೊಟ್ಟವರು, ತಂಬೂರಿಗೆ ಗವಸು ಹಾಕಿ ಬಂದಿದ್ದರು. ವೈದ್ಯನಾದ ನಾನು ಶ್ರವಣಪರೀಕ್ಷೆ ಮಾಡಿಸಿದೆ. ಕಿವಿ ವಯಸ್ಸಿಗೆ ತಕ್ಕಂತೆಯೇ ಇತ್ತು.

ಆಗ ನೆನಪಾದವರು ಅಮೆರಿಕದ ಸಂಗೀತರಚನಕಾರ ಜಾನ್ ಕೇಜ್ (1912–1992). ಅವರ ಹೆಸರು ಮೊದಲು ಕಿವಿಗೆ ಬಿದ್ದಾಗ ನಾನೂ ನಕ್ಕಿದ್ದೆ. 1952ರಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಅವರ ಕೃತಿಯೊಂದನ್ನು ಪ್ರಸ್ತುತಪಡಿಸಿದ ಪಿಯಾನೋವಾದಕ ಡೇವಿಡ್ ಟ್ಯೂಡರ್, 4 ನಿಮಿಷ 33 ಸೆಕೆಂಡು ಒಂದು ಸ್ವರವನ್ನೂ ನುಡಿಸಲಿಲ್ಲ. ಆ ಹೊತ್ತಿನಲ್ಲಿ ಗಾಳಿ, ಮಳೆಹನಿ, ಸಭಿಕರ ಗುಸುಗುಸು ಎಲ್ಲವೂ ಕೇಳಿಸಿದವು. ಅದೇ ಸಂಗೀತವೆಂಬುದು ಅವರ ನಿಲುವು.

ಅದಕ್ಕೆ ಮುನ್ನ ಅವರು ಹಾರ್ವರ್ಡ್‌ನಲ್ಲಿ ಪ್ರತಿಧ್ವನಿಯಿಲ್ಲದ ಕೋಣೆಯೊಂದನ್ನು ಹೊಕ್ಕಿದ್ದರು. ಅಲ್ಲಿಯೂ ಎರಡು ಸದ್ದುಗಳು ಕೇಳಿದವಂತೆ. ತಗ್ಗಿನದು ರಕ್ತಸಂಚಾರ, ಏರಿನದು ನರಮಂಡಲ ಎಂದು ಅಲ್ಲಿನ ಎಂಜಿನಿಯರ್ ವಿವರಿಸಿದರು. ನರಗಳು ಹಾಗೆ ಸದ್ದು ಮಾಡುವುದಿಲ್ಲ. ಅದು ಬಹುಶಃ ಕಿವಿಯೊಳಗಿನ ಮೊರೆತವಿದ್ದೀತು. ವಿವರಣೆ ತಪ್ಪಿದರೂ ತೀರ್ಮಾನ ತಪ್ಪಲಿಲ್ಲ: ಜೀವವಿರುವಲ್ಲಿ ಪೂರ್ಣ ನಿಶ್ಶಬ್ದವಿಲ್ಲ. ಸ್ಟೆತಸ್ಕೋಪ್ ಹಿಡಿದು ಇಷ್ಟು ವರ್ಷ ಕಳೆದ ನನಗೆ ಅದನ್ನೊಬ್ಬ ಸಂಗೀತಗಾರ ಹೇಳಬೇಕಾಯಿತು.

ಈ ಆಲಿಸುವಿಕೆಯ ಹಿಂದೆ ನಮ್ಮ ದೇಶದ ಋಣವೂ ಇದೆ. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿನಲ್ಲಿ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತು, ಪ್ರತಿಯಾಗಿ ಭಾರತೀಯ ಸಂಗೀತವನ್ನು ಕಲಿಸಿದರು. ಮನಸ್ಸನ್ನು ಶಾಂತಗೊಳಿಸಿ ದೈವಕ್ಕೆ ತೆರೆಯುವುದೇ ಸಂಗೀತದ ಗುರಿಯೆಂದು ಅವರು ಹೇಳಿದ ಮಾತನ್ನು ಕೇಜ್ ಕೊನೆಯವರೆಗೂ ನೆನೆದರು. ಅವರ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ (1946–48) ನವರಸಗಳನ್ನೇ ಆಧರಿಸಿದೆ. ಪಿಯಾನೋದ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರ್ ಚೂರುಗಳನ್ನು ಸಿಕ್ಕಿಸಿ ನುಡಿಸುವ ಆ ಕೃತಿಯಲ್ಲಿ ಒಮ್ಮೊಮ್ಮೆ ಜಲತರಂಗದ ಛಾಯೆ ನನಗೆ ಕೇಳಿಸುತ್ತದೆ. ಹನ್ನೆರಡು ರೇಡಿಯೋಗಳಿಗೆಂದು ಬರೆದ ಕೃತಿ ಮಾತ್ರ ಇಂದಿಗೂ ನನಗೆ ಒಲಿದಿಲ್ಲ.

ಅವರ ಚಿತ್ರಗಳನ್ನು ಕಂಡರೆ ನನಗೆ ಇನ್ನೂ ಹೆಚ್ಚಿನ ಪ್ರೀತಿ. ಕ್ಯೋಟೋ ನಗರದ ರ್ಯೋವಾಂಜಿ ದೇಗುಲದ ತೋಟದಲ್ಲಿ ಹದಿನೈದು ಕಲ್ಲುಗಳಿವೆ. ಅದರ ನೆನಪಿನಲ್ಲಿ ಕೇಜ್ ಕಾಗದದ ಮೇಲೆ ಕಲ್ಲುಗಳನ್ನಿಟ್ಟು, ಸುತ್ತ ಪೆನ್ಸಿಲಿನ ಗೆರೆ ಎಳೆದರು. ಕಲ್ಲು ಎಲ್ಲಿ, ಯಾವ ಪೆನ್ಸಿಲು ಎಂಬುದನ್ನು ಚೀನಾದ ಪ್ರಾಚೀನ ಗ್ರಂಥ ‘ಈ ಚಿಂಗ್’ ರೀತಿಯ ಆಕಸ್ಮಿಕ ಗಣನೆಗೆ ಬಿಟ್ಟರು. ‘ನನಗಿದು ಬೇಕು, ಇದು ಬೇಡ’ ಎಂಬ ಹಟವನ್ನು ಕೃತಿಯಿಂದ ಹೊರಗಿಡುವ ಬಗೆಯಿದು. ಮಸುಕಾದ ಆ ವೃತ್ತಗಳನ್ನು ನೋಡುತ್ತಿದ್ದರೆ ಉಸಿರು ತಾನಾಗಿ ನಿಧಾನವಾಗುತ್ತದೆ.

ಮಾಗ್ಡೆಬುರ್ಗ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಹಾಲ್ಬರ್‌ಸ್ಟಾಟ್‌ನಲ್ಲಿ ಅವರ ಆರ್ಗನ್ ಕೃತಿಯೊಂದು ಹಗಲಿರುಳು ನುಡಿಯುತ್ತಿದೆ. ‘ಸಾಧ್ಯವಾದಷ್ಟು ನಿಧಾನವಾಗಿ’ ಎಂಬುದೊಂದೇ ಅದರ ಕಾಲಸೂಚನೆ. 1361ರಲ್ಲಿ ಆ ಊರಿಗೆ ದೊಡ್ಡ ಆರ್ಗನ್ ಬಂದುದರಿಂದ 2000ದವರೆಗೆ ಲೆಕ್ಕ ಹಾಕಿ, 639 ವರ್ಷ ನುಡಿಸುವುದೆಂದು ನಿಶ್ಚಯಿಸಿದರು. 2001ರ ಸೆಪ್ಟೆಂಬರ್ 5ರಂದು ಆರಂಭ. ಕೃತಿ ವಿರಾಮದಿಂದಲೇ ಶುರುವಾಗುವುದರಿಂದ ಮೊದಲ ಹದಿನೇಳು ತಿಂಗಳು ಕೇಳಿಸಿದ್ದು ಗಾಳಿಯ ಸದ್ದು ಮಾತ್ರ! ಮುಗಿಯುವುದು 2640ರಲ್ಲಿ. ಆಡಳಿತ ನಡೆಸುವವರಲ್ಲಿ ಯಾರೂ ಅದರ ಕೊನೆಯನ್ನು ಕೇಳುವವರಲ್ಲ.

ಒಂದು ಶನಿವಾರ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆ. ಒಂದು ಕಾಲಕ್ಕೆ ಹಂದಿಗೂಡಾಗಿದ್ದ ಹಳೆಯ ಬುರ್ಕಾರ್ಡಿ ಚರ್ಚು. ಬರಿಯ ಕಲ್ಲುಗೋಡೆ, ಮೈ ಕೊರೆಯುವ ಚಳಿ. ಮರಳು ತುಂಬಿದ ಪುಟ್ಟ ಚೀಲಗಳ ಭಾರಕ್ಕೆ ಆರ್ಗನ್ನಿನ ಸ್ವರಗಳು ನಿರಂತರ ಹರಿಯುತ್ತಿದ್ದವು. ನಾಲ್ಕು ಹೆಜ್ಜೆ ಸರಿದರೆ ನಾದದ ಬಣ್ಣವೇ ಬದಲಾಗುತ್ತಿತ್ತು. ಅಮ್ಮ ಶಾಲು ಬಿಗಿಮಾಡಿಕೊಂಡು ಅಲ್ಲಲ್ಲಿ ನಿಂತು ಕೇಳಿದರು.

“ಶ್ರುತಿ ಹಿಡಿದಿಟ್ಟಿದ್ದಾರೆ ಕಣೋ. ಹಾಡೋರು ಇನ್ನೂ ಬಂದಿಲ್ಲ, ಅಷ್ಟೆ.”

ಬಳಿಕ ಕಣ್ಣು ಮುಚ್ಚಿ ಮೆಲ್ಲಗೆ ಷಡ್ಜ ಹಿಡಿದರು. ಅದು ಆ ಸ್ವರಗಳೊಂದಿಗೆ ಪೂರ್ತಿ ಕೂಡಲಿಲ್ಲ. ಅವರು ಬಿಡಲೂ ಇಲ್ಲ. ತಂದೆಯವರು ಹೋದ ಮೇಲೆ ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರಳುವಾಗ ರೈಲಿನಲ್ಲಿ, ಅಲ್ಲಿನ ಸ್ವರ ಮತ್ತೆ ಬದಲಾಗುವುದು 2026ರ ಆಗಸ್ಟ್ 5ರಂದು ಎಂದು ಹೇಳಿದೆ. ಅಮ್ಮ ಕಿಟಕಿಯಾಚೆ ನೋಡುತ್ತಲೇ ಕೇಳಿದರು: “ವೀಸಾಕ್ಕೆ ಎಷ್ಟು ಮುಂಚೆ ಅರ್ಜಿ ಹಾಕಬೇಕೋ?”