ಕಾರು ಕೊಳ್ಳುವ ಮುನ್ನ: ಅಗತ್ಯವೆಷ್ಟು, ಆಡಂಬರವೆಷ್ಟು?

ಸುಮಾರು ಐದು ದಶಕಗಳ ಹಿಂದಿನ ಮಾತು. ನಮ್ಮೂರಿನ ಮಠಕ್ಕೆ ಪೂಜ್ಯ ಶ್ರೀಗಳವರು ದಯಮಾಡಿಸುವ ದಿನ ಅವರ ಬಿಳಿಯ ಅಂಬಾಸಿಡರ್ ಕಾರಿನ ಸದ್ದು ಊರ ಅಗಸಿಯಲ್ಲಿ ಕೇಳಿಸಿದೊಡನೆ ಬಾಲಕರಾದ ನಾವೆಲ್ಲ ಓಡಿಹೋಗುತ್ತಿದ್ದೆವು. ಹಿರಿಯರು ಶ್ರೀಗಳ ಪಾದಗಳಿಗೆ ಎರಗುತ್ತಿದ್ದರೆ ನಾವು ಕಾರಿನ ಹಿಂಬದಿಗೆ ಸರಿದು ಅದರ ದೀಪ, ಗಾಲಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆವು. “ಶ್ರೀಗಳ ದರ್ಶನಕ್ಕೆ ಬಂದೀಯೋ, ಮೋಟಾರಿನ ದರ್ಶನಕ್ಕೆ ಬಂದೀಯೋ?” ಎಂದು ತೀರ್ಥರೂಪರು ಒಮ್ಮೆ ಕಿವಿ ಹಿಂಡಿದ್ದು ಇನ್ನೂ ನೆನಪಿದೆ. ಅಂದು ಅಂಟಿದ ಆ ಹುಚ್ಚು ಇಂದಿಗೂ ಬಿಟ್ಟಿಲ್ಲ. ಕೊಳ್ಳುವ ಶಕ್ತಿ ಇಲ್ಲದಿದ್ದ ಕಾಲದಲ್ಲಿಯೂ ಕಾರುಗಳ ವಿಷಯವನ್ನು ಓದುತ್ತ, ಕೊಂಡವರನ್ನು ವಿಚಾರಿಸುತ್ತ ಬಂದವರು ನಾವು.

ಇತ್ತೀಚೆಗೆ ನಮ್ಮ ಮಗಳಿಗಾಗಿ ಕಾರೊಂದನ್ನು ಕೊಳ್ಳುವ ಪ್ರಸಂಗ ಒದಗಿತು. ತಾಲೂಕು ಸ್ಥಳದ ಕಾಲೇಜಿನಲ್ಲಿ ಬೋಧಿಸುವ ಅವಳು ನಿತ್ಯ ಹೆದ್ದಾರಿಯಲ್ಲಿ ಹೋಗಿಬರಬೇಕು. ಆ ಸಂದರ್ಭದಲ್ಲಿ ಕಂಡುಂಡ ಸಂಗತಿಗಳು ನಮ್ಮ ಸಮಾಜದ ಕುಟುಂಬಗಳಿಗೆ ಉಪಯುಕ್ತವಾದಾವೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕಾಯುವ ಕಾಲದಿಂದ ಆಯುವ ಕಾಲಕ್ಕೆ

ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಕಾರೆಂದರೆ ಎರಡೇ ಹೆಸರು: ಅಂಬಾಸಿಡರ್, ಇಲ್ಲವೆ ಫಿಯೆಟ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಿಂದ ತಯಾರಿಸಿದರು. ಇಟಲಿಯ ಫಿಯೆಟ್ ಮಾದರಿಯು ಮುಂಬಯಿಯ ಪ್ರೀಮಿಯರ್ ಸಂಸ್ಥೆಯಲ್ಲಿ ತಯಾರಾಗಿ ಮುಂದೆ ಪದ್ಮಿನಿಯಾಯಿತು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕು, ಬಣ್ಣ ಯಾವುದೆಂದು ಕೇಳುವಂತಿಲ್ಲ, ಬಂದದ್ದೇ ಭಾಗ್ಯ. ಮಾರುವವನೇ ದಣಿ, ಕೊಳ್ಳುವವನೇ ಯಾಚಕ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಅದರ ಒಡೆಯರಿಗೆ ಒಪ್ಪಿಸಿದರು. ಜಪಾನಿನ ಸುಜುಕಿ ಸಂಸ್ಥೆಯ ಸಹಯೋಗದಿಂದ ಗುರುಗಾಂವದಲ್ಲಿ ಸಿದ್ಧವಾದ ಈ ಪುಟ್ಟ ವಾಹನ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದ ಮೊದಲ ಕಾರೆಂದರೆ ಅತಿಶಯೋಕ್ತಿಯಲ್ಲ. 1993ರಲ್ಲಿ ಕಾರು ತಯಾರಿಕೆಯು ಲೈಸೆನ್ಸಿನ ಕಟ್ಟಿನಿಂದ ಬಿಡುಗಡೆಗೊಂಡಿತು. 1998ರಲ್ಲಿ ಕೊರಿಯಾದ ಹ್ಯುಂಡೈ ಸಂಸ್ಥೆಯ ಸ್ಯಾಂಟ್ರೊ ಹಾಗೂ ಟಾಟಾದವರ ಇಂಡಿಕಾ ಕೆಲವೇ ತಿಂಗಳ ಅಂತರದಲ್ಲಿ ಹೊರಬಂದವು. ನಮ್ಮ ನಾಡಿನ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರಖಾನೆ ತಲೆಯೆತ್ತಿತು. ಈ ಕಿರ್ಲೋಸ್ಕರ್ ಮನೆತನದ ಉದ್ಯಮಕ್ಕೆ ಬೀಜ ಬಿದ್ದದ್ದು 1888ರಲ್ಲಿ, ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ತೆರೆದ ಒಂದು ಸೈಕಲ್ ಅಂಗಡಿಯಲ್ಲಿ ಎಂಬುದನ್ನು ನಮ್ಮ ತರುಣರು ನೆನಪಿಡಬೇಕು.

ತಯಾರಕರ ಗುಣಾವಗುಣಗಳು

ಎಲ್ಲ ಗುಣಗಳೂ ಒಂದೆಡೆ ಮನೆ ಮಾಡಿರುವ ಕಾರನ್ನು ನಾವಿನ್ನೂ ಕಂಡಿಲ್ಲ. ಮಾರುತಿಯವರ ಹಿರಿಮೆ ಇರುವುದು ದುರಸ್ತಿಯ ಸೌಕರ್ಯದಲ್ಲಿ. ತಾಲೂಕು ಸ್ಥಳಗಳಲ್ಲಿಯೂ ಬಿಡಿಭಾಗ ದೊರೆಯುತ್ತದೆ, ಇಂಧನದ ಖರ್ಚು ಮಿತ. ಹ್ಯುಂಡೈಯವರು ಒಳಗಿನ ಸೌಕರ್ಯ, ಅಲಂಕಾರಗಳಲ್ಲಿ ಜಾಣರು. ಟೊಯೊಟಾದವರ ಕ್ವಾಲಿಸ್, ಇನ್ನೋವಾಗಳು ಲಕ್ಷಾಂತರ ಕಿಲೋಮೀಟರು ಓಡಿಯೂ ದಣಿಯದವು; ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕುವಂತಹುದಲ್ಲ. ಟಾಟಾದವರ ಇಂಡಿಕಾ ಆರಂಭದಲ್ಲಿ ದೂರುಗಳಿಗೆ ಗುರಿಯಾಗಿತ್ತು. ಆದರೆ ಆ ಸಂಸ್ಥೆಯವರು ತಪ್ಪನ್ನು ತಿದ್ದಿಕೊಂಡು ಎರಡನೆಯ ಆವೃತ್ತಿಯನ್ನು ಹೊರತಂದರು. ತಿದ್ದಿಕೊಳ್ಳುವ ಈ ಗುಣವೇ ಅವರನ್ನು ಮುಂದೆ ತಂದಿತೆಂದು ನಮ್ಮ ಭಾವನೆ.

ಅದೇ ಟಾಟಾದವರ ನ್ಯಾನೋ ಕಾರಿನ ಕಥೆ ಸಮಾಜಶಾಸ್ತ್ರದ ಪಾಠವೇ ಸರಿ. 2008ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಲೋಕವೆಲ್ಲ ಕೊಂಡಾಡಿದ ಆ ವಾಹನ ಹತ್ತು ವರ್ಷಗಳಲ್ಲಿ ಕಣ್ಮರೆಯಾಯಿತು. ಕಾರಣಗಳು ಹಲವಿದ್ದರೂ ಮುಖ್ಯವಾದುದು ಒಂದು: ‘ಎಲ್ಲಕ್ಕಿಂತ ಅಗ್ಗದ ಕಾರು’ ಎಂಬ ಬಿರುದು ಹೊತ್ತ ವಾಹನದಿಂದ ಇಳಿಯಲು ಜನರಿಗೆ ಸಂಕೋಚ. ಮಳೆಯಲ್ಲಿ ಮಡದಿ ಮಕ್ಕಳನ್ನು ಸ್ಕೂಟರಿನ ಮೇಲೆ ಕೂಡಿಸಿಕೊಂಡು ಹೋಗಲು ಬಾರದ ಸಂಕೋಚ ಇಲ್ಲೇಕೆ ಬಂದಿತೋ!

ಮತ್ತೊಂದು ಮಾತು. ದೊಡ್ಡ ಹೆಸರೇ ಭರವಸೆಯಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 2017ರಲ್ಲಿ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು; ಫೋರ್ಡ್ ಸಂಸ್ಥೆಯು ಇಲ್ಲಿಯ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಸಾರಿತು. ಆದುದರಿಂದ ಕಾರು ಆಯುವಾಗ ತಮ್ಮೂರಿಗೆ ಸಮೀಪದಲ್ಲಿ ದುರಸ್ತಿ ಕೇಂದ್ರ ಇದೆಯೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಜೀವಕ್ಕೆ ಬೆಲೆ ಎಷ್ಟು?

ನಮ್ಮವರು ಕಾರಿನ ಬಗೆಗೆ ಕೇಳುವ ಮೊದಲ ಪ್ರಶ್ನೆ, ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎರಡನೆಯದು, ‘ಮಾರುವಾಗ ಎಷ್ಟು ಬರುತ್ತದೆ?’ ಅಪಘಾತವಾದರೆ ಒಳಗಿದ್ದವರು ಉಳಿಯುವರೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಭಾರತದಲ್ಲಿ ಜನಪ್ರಿಯವಾಗಿದ್ದ ಐದು ಸಣ್ಣ ಕಾರುಗಳ ಗಾಳಿಚೀಲವಿಲ್ಲದ ಮೂಲ ಮಾದರಿಗಳನ್ನು ಡಿಕ್ಕಿ ಹೊಡೆಯಿಸಿ ಪರೀಕ್ಷಿಸಿತು. ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ದೊರೆತದ್ದು ಸೊನ್ನೆ ನಕ್ಷತ್ರ. ಅವುಗಳಲ್ಲಿ ಒಂದಾದ ಫೋಕ್ಸ್‌ವ್ಯಾಗನ್ ಪೋಲೋ ಕಾರನ್ನು ಎರಡು ಗಾಳಿಚೀಲಗಳೊಡನೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ದೊರೆತವು. ಕೊಳ್ಳುವವರು ಕೇಳದಿದ್ದುದರಿಂದಲೇ ಮಾರುವವರು ಕೊಡದಿದ್ದರು ಎಂಬ ಮಾತಿನಲ್ಲಿ ಸತ್ಯಾಂಶವಿದೆ. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಗಳಿಸಿದ ಬಳಿಕ ಗಾಳಿ ತಿರುಗಿತು. 2023ರ ಅಕ್ಟೋಬರಿನಿಂದ ನಮ್ಮ ಸರಕಾರದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಗೆ ಬಂದಿದೆ. ಕೊಳ್ಳಲಿರುವ ಕಾರಿಗೆ ಎಷ್ಟು ನಕ್ಷತ್ರ ಎಂದು ಕೇಳಲು ನಾವು ನಾಚಬೇಕಾಗಿಲ್ಲ.

ಮಳಿಗೆಯೊಳಗೆ ನಾವು ಕಂಡದ್ದು

ಇನ್ನು ನಮ್ಮ ಅನುಭವ. ಮೊದಲು ಹೋದ ಮಳಿಗೆಯಲ್ಲಿ, ಧೋತರ ಉಟ್ಟು ಹಣೆಗೆ ವಿಭೂತಿ ಧರಿಸಿದ್ದ ನಮ್ಮನ್ನು ಕಂಡು ಯಾರೂ ಎದ್ದು ಬರಲಿಲ್ಲ. ಹತ್ತು ನಿಮಿಷಗಳಾದ ಮೇಲೆ ಒಬ್ಬ ತರುಣ ಬಂದು, “ಸೆಕೆಂಡ್ ಹ್ಯಾಂಡ್ ಗಾಡಿ ಹಿಂದಿನ ಗೇಟಿನ್ಯಾಗ ಅದಾವ್ರಿ” ಎಂದ. ನಾವು ನಕ್ಕು ಹೊರಬಂದೆವು. ಮಗಳು ಮಾತ್ರ ಬಹಳ ನೊಂದುಕೊಂಡಳು.

ಎರಡನೆಯ ಮಳಿಗೆಯಲ್ಲಿ ಆದರಕ್ಕೆ ಕೊರತೆ ಇರಲಿಲ್ಲ. ತಂಪು ಪಾನೀಯ ಬಂದಿತು, ಬೆಲೆಯ ಪಟ್ಟಿಯೂ ಬಂದಿತು. ಕಾರಿನ ಮೂಲ ಬೆಲೆ, ಸರಕಾರದ ರಸ್ತೆ ತೆರಿಗೆ, ನೋಂದಣಿ ಇವು ಸರಿ. ಅವುಗಳ ಕೆಳಗೆ ‘ನಿರ್ವಹಣಾ ವೆಚ್ಚ’ ಎಂದು ಕೆಲವು ಸಾವಿರ, ಸೀಟಿನ ಹೊದಿಕೆ ಮುಂತಾದ ಅಲಂಕಾರ ಸಾಮಗ್ರಿಗಳ ‘ಕಡ್ಡಾಯ’ ಕಂತೆ, ಜೊತೆಗೆ ಹೊರಗಿನ ದರಕ್ಕಿಂತ ಬಹಳ ಹೆಚ್ಚಿನ ವಿಮೆ. ನಿರ್ವಹಣಾ ವೆಚ್ಚ ಯಾವ ನಿಯಮದಂತೆ ಎಂದು ಲಿಖಿತವಾಗಿ ತಿಳಿಸಿರೆಂದು ಕೇಳಿದೆವು. ಒಳಗೆ ಹೋಗಿ ಬಂದ ಮಾರಾಟಗಾರ ಆ ಸಾಲಿನ ಮೇಲೆ ಗೀಟು ಎಳೆದ. ಅಲಂಕಾರದ ಕಂತೆಯೂ ಹೋಯಿತು. ವಿಮೆಯ ಬಗೆಗೆ ಮಾತ್ರ ಆತ ಜಗ್ಗಲಿಲ್ಲ.

“ಇನ್ಶೂರೆನ್ಸ್ ನಮ್ಮಲ್ಲೇ ಮಾಡಸ್ರೀ ಸರ್, ಇಲ್ಲಾಂದ್ರ ಗಾಡಿ ಕೊಡೋದು ತಡಾ ಆಗತೈತ್ರಿ.”

“ಎಲ್ಲಿ ಮಾಡಿಸಬೇಕು ಅನ್ನೋದು ನಮ್ಮ ಇಷ್ಟ ಅಲ್ಲೇನಪಾ?” ಎಂದೆವು.

ಆತ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಖರೇ ಐತ್ರಿ. ಆದ್ರ ತಿಂಗಳಿಗೆ ಇಷ್ಟು ಅಂತ ಮಾಡಿಸಲಿಲ್ಲಾಂದ್ರ ನನ್ನ ಇನ್ಸೆಂಟಿವ್ ಹೋಗತೈತ್ರಿ. ಮನ್ಯಾಗ ನಾನೊಬ್ಬನ ದುಡಿಯಾಂವ.”

ಆ ಮಾತು ನಮ್ಮನ್ನು ತಡೆದು ನಿಲ್ಲಿಸಿತು. ವಿಚಾರಿಸಿದಾಗ ತಿಳಿದದ್ದಿಷ್ಟು: ಮಳಿಗೆಯ ಒಡೆಯನು ಬಹುಪಾಲು ಬ್ಯಾಂಕಿನ ಸಾಲದಿಂದ ಕಾರುಗಳನ್ನು ತರಿಸಿ ನಿಲ್ಲಿಸಿರುತ್ತಾನೆ, ನಿಂತಷ್ಟು ದಿನ ಬಡ್ಡಿ ಏರುತ್ತದೆ. ಕಾರಿನಲ್ಲಿ ಅವನಿಗೆ ಉಳಿಯುವ ಲಾಭ ಅಲ್ಪ. ವಿಮೆ, ಸಾಲ, ಅಲಂಕಾರ, ದುರಸ್ತಿಗಳಲ್ಲಿಯೇ ಗಳಿಕೆ. ತಯಾರಕರು ಗುರಿ ನಿಗದಿಪಡಿಸುತ್ತಾರೆ. ಆ ಭಾರ ಒಡೆಯನಿಂದ ವ್ಯವಸ್ಥಾಪಕನಿಗೆ, ಅವನಿಂದ ಈ ಬಡ ತರುಣನಿಗೆ, ಅವನಿಂದ ನಮಗೆ ಇಳಿಯುತ್ತದೆ. ಆದುದರಿಂದ ಮಾರಾಟದ ಹುಡುಗನ ಮೇಲೆ ಹರಿಹಾಯುವುದು ತರವಲ್ಲ. ಅಂತೆಯೇ ಅವನ ಮೇಲಿನ ಕನಿಕರದಿಂದ ಹತ್ತಾರು ಸಾವಿರ ಕಳೆದುಕೊಳ್ಳುವುದೂ ಜಾಣತನವಲ್ಲ. ನಾವು ವಿಮೆಯನ್ನು ಹೊರಗೆ ಮಾಡಿಸಿದೆವು.

ಕೊನೆಯ ಪರೀಕ್ಷೆ ಇನ್ನೂ ಇತ್ತು. ಪೂಜೆಯ ದಿನ ಗೊತ್ತಾಗಿತ್ತು. ಅದಕ್ಕೂ ಮೊದಲು ಕಾರನ್ನು ನಿಲ್ಲಿಸಿದ ಸ್ಥಳಕ್ಕೆ ಹೋಗಿ ಹಗಲು ಬೆಳಕಿನಲ್ಲಿ ನೋಡಿದೆವು. ತಯಾರಿಕೆಯ ತಿಂಗಳು ಹತ್ತು ತಿಂಗಳಷ್ಟು ಹಿಂದಿನದು. ಬಾಗಿಲೊಂದಕ್ಕೆ ಮರಳಿ ಬಣ್ಣ ಬಳಿದ ಗುರುತು. ಬೇರೆ ಕಾರು ಕೊಡಿರೆಂದೆವು. “ಮುಹೂರ್ತ ತಪ್ಪತೈತಲ್ರೀ” ಎಂದು ಹೆದರಿಸಿದರು. “ಬಸವತತ್ವದವರಿಗೆ ಎಲ್ಲ ದಿನವೂ ಒಳ್ಳೆಯ ದಿನವೇ” ಎಂದು ನಮ್ಮ ಶ್ರೀಮತಿಯವರು ಉತ್ತರಿಸಿದರು! ಮೂರು ವಾರ ತಡವಾದರೂ ಹೊಸ ಕಾರೇ ಬಂದಿತು.

ಕೊಳ್ಳುವವರಿಗೆ ಕೆಲವು ಸೂಚನೆಗಳು

ಒಂದು: ಬೆಲೆಯ ಪಟ್ಟಿಯನ್ನು ಲಿಖಿತವಾಗಿ ಪಡೆದು ಪ್ರತಿ ಸಾಲಿಗೂ ಕಾರಣ ಕೇಳಿರಿ. ಮುಂಗಡಕ್ಕೆ ರಸೀತಿ ಇಲ್ಲದೆ ಹಣ ಕೊಡಬೇಡಿರಿ.

ಎರಡು: ಹೊಸ ಕಾರಿಗೆ ಮೂರು ವರ್ಷಗಳ ಮೂರನೆಯ ವ್ಯಕ್ತಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ. ಆದರೆ ಯಾವ ಕಂಪನಿಯಿಂದ ಎಂಬುದು ಕೊಳ್ಳುವವರ ಸ್ವಾತಂತ್ರ್ಯ. ಎರಡು ಮೂರು ಕಡೆ ದರ ಕೇಳಿರಿ.

ಮೂರು: ಪೂರ್ಣ ಹಣ ಕಟ್ಟುವ ಮೊದಲು ಕಾರನ್ನು ಕಣ್ಣಾರೆ ನೋಡಿ, ಅದರ 17 ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಕಾಗದಪತ್ರಗಳಲ್ಲಿ ಇರುವುದರೊಡನೆ ಹೊಂದುತ್ತದೆಯೇ ಎಂದು ತಾಳೆ ಹಾಕಿರಿ.

ನಾಲ್ಕು: ಸಾಲದ ಕಂತು ಚಿಕ್ಕದೆಂದು ಹಿಗ್ಗಬೇಡಿರಿ. 8 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9.5 ಬಡ್ಡಿಯಲ್ಲಿ ಏಳು ವರ್ಷಕ್ಕೆ ಪಡೆದರೆ ಕಂತು ಸುಮಾರು 13,000. ಬಡ್ಡಿ ಹತ್ತಿರ ಹತ್ತಿರ 3 ಲಕ್ಷ. ಐದು ವರ್ಷಕ್ಕೆ ಪಡೆದರೆ ಕಂತು ಸುಮಾರು 16,800; ಬಡ್ಡಿ 2 ಲಕ್ಷದ ಆಸುಪಾಸು. ಎರಡು ವರ್ಷಗಳ ಸಡಿಲಿಕೆಯ ಬೆಲೆ ಸುಮಾರು 90,000 ರೂಪಾಯಿ!

ಐದು: ಮೋಸವಾದರೆ ಸುಮ್ಮನಿರಬೇಡಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕರ ರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೂ ದೂರು ಸಲ್ಲಿಸಬಹುದು.

ಬೀಗರ ಮನೆಯ ಕಾರು

ಇಷ್ಟೆಲ್ಲ ಹೇಳಿ ಒಂದು ಮಾತನ್ನು ಹೇಳದೆ ಬಿಟ್ಟರೆ ಈ ಲೇಖನ ಅಪೂರ್ಣವಾದೀತು. ನಮ್ಮ ಪರಿಚಯದ ಒಂದು ಕುಟುಂಬ. ಮಗಳ ಲಗ್ನದಲ್ಲಿ ಬೀಗರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ‘ಹುಡುಗನ ಗೆಳೆಯರೆಲ್ಲ ಕಾರಿನಲ್ಲಿ ಓಡಾಡುತ್ತಾರೆ’ ಎಂದರಷ್ಟೆ. ಅಕ್ಷತೆಯ ದಿನ ಕಲ್ಯಾಣ ಮಂಟಪದ ಬಾಗಿಲಲ್ಲಿ ಹೂವಿನಿಂದ ಸಿಂಗರಿಸಿದ ಕಾರು ನಿಂತಿತ್ತು. ಕಾರು ಅಳಿಯನ ಹೆಸರಿನಲ್ಲಿ, ಸಾಲ ಮಾವನ ಹೆಸರಿನಲ್ಲಿ. ನಿವೃತ್ತರಾದ ಆ ಹಿರಿಯರು ಇಂದಿಗೂ ಪಿಂಚಣಿಯಿಂದ ಕಂತು ಕಟ್ಟುತ್ತಿದ್ದಾರೆ. ಸ್ವತಃ ಬಸ್ಸಿನಲ್ಲಿ ತಿರುಗುತ್ತಾರೆ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಉಡುಗೊರೆ ಎಂಬ ಹೆಸರಿಟ್ಟ ಮಾತ್ರಕ್ಕೆ ಅದು ವರದಕ್ಷಿಣೆಯಲ್ಲವೆ?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಚೆಲ್ಲಿ ಬನ್ನಿರೆಂದು ಕಳುಹಿದ ಮಹಾತಾಯಿ ಲಕ್ಕಮ್ಮನವರು. ಅವರ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುವ ನಾವು, ಮನೆಗೆ ಸಾಲುವ ಕಾರನ್ನು ಬಿಟ್ಟು ನೆರೆಯವರ ಕಣ್ಣಿಗೆ ಸಾಲುವ ಕಾರನ್ನು ಹುಡುಕುತ್ತೇವೆ. ಕಾರು ತಪ್ಪಲ್ಲ. ಮುಪ್ಪಿನ ತಾಯಿಯನ್ನು ಆಸ್ಪತ್ರೆಗೆ ಒಯ್ಯುವ, ಮಗಳನ್ನು ಸುರಕ್ಷಿತವಾಗಿ ಕಾಯಕದ ಸ್ಥಳಕ್ಕೆ ಮುಟ್ಟಿಸುವ ವಾಹನ ಸಂಸಾರಕ್ಕೆ ಆಸರೆ. ಮಾರುವವರದೂ ಕಾಯಕವೇ, ಅದು ಸತ್ಯಶುದ್ಧವಾಗಿರಲಿ. ಕೊಳ್ಳುವುದರಲ್ಲಿಯೂ ಅದೇ ಸತ್ಯ ಇರಲಿ.

ಹೊಸ ಕಾರು ಮನೆಗೆ ಬಂದ ದಿನ ನೆರೆಯವರೊಬ್ಬರು ಗಾಲಿಗೆ ಇಡಲೆಂದು ನಿಂಬೆಹಣ್ಣು ತಂದುಕೊಟ್ಟರು. ಶ್ರೀಮತಿಯವರು ಅದನ್ನು ಹಿಂಡಿ ಎಲ್ಲರಿಗೂ ಪಾನಕ ಮಾಡಿಕೊಟ್ಟರು. ಮಗಳು ವಿಭೂತಿ ಹಚ್ಚಿ, ಪತ್ರೆ ಪುಷ್ಪ ಏರಿಸಿ, ಕಾರಿನೊಳಗೆ ಕುಳಿತವಳೇ ಮೊದಲು ಬೆಲ್ಟ್ ಬಿಗಿದುಕೊಂಡಳು. ಹಿಂದೆ ಕುಳಿತ ನಮ್ಮ ಕಡೆಗೆ ತಿರುಗಿ, “ಅಪ್ಪಾಜಿ, ನೀವೂ ಹಾಕ್ಕೋರಿ, ಹಾಕ್ಕೊಳ್ಳೂತನಕಾ ಗಾಡಿ ಮುಂದ ಹೋಗೂದಿಲ್ಲ” ಎಂದಳು. ಅಂದು ತೀರ್ಥರೂಪರು ಹಿಂಡಿದ ಕಿವಿ ಮತ್ತೊಮ್ಮೆ ಬೆಚ್ಚಗಾಯಿತು. ಮರುಮಾತಾಡದೆ ಬೆಲ್ಟ್ ಹಾಕಿಕೊಂಡೆವು.

ಓದುಗ ಬಂಧುಗಳೂ ಹಾಗೆಯೇ ಮಾಡಲೆಂದು ವಿನಂತಿ.