ದೆವ್ವದ ಜಾಡು ಹಿಡಿಯುವ ಆಟ

ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ರಾತ್ರಿಯ ವೇಳೆ ಹೆಸರು ಹಿಡಿದು ಕೂಗುವ ದೆವ್ವವು ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ನಂಬಿಕೆಯನ್ನು ಬದಿಗಿರಿಸಿ ಕಥೆಯನ್ನಷ್ಟೇ ಗಮನಿಸಿದರೆ ಅದರ ಸ್ವಾರಸ್ಯ ತಿಳಿಯುತ್ತದೆ. ಆ ದೆವ್ವಕ್ಕೆ ಅಕ್ಷರಜ್ಞಾನವಿದೆ, ಹೇಳಿದಂತೆ ಕೇಳುವ ಗುಣವಿದೆ, ಆದರೆ ನೆನಪಿನ ಶಕ್ತಿ ಮಾತ್ರ ಇಲ್ಲ! ಅದನ್ನು ಹಿಮ್ಮೆಟ್ಟಿಸಲು ಒಂದು ತುಂಡು ಸೀಮೆಸುಣ್ಣ ಸಾಕು. ಜನಪದರ ದೆವ್ವಗಳೆಲ್ಲ ಬಹುಮಟ್ಟಿಗೆ ಹೀಗೆಯೇ. ಪ್ರತಿಯೊಂದಕ್ಕೂ ಒಂದು ಕಟ್ಟುಪಾಡು ಇರುತ್ತದೆ. ಆ ಕಟ್ಟುಪಾಡನ್ನು ಅರಸಿ ಹೊರಡುವುದನ್ನೇ ಆಟವಾಗಿಸಿಕೊಂಡವರು ಪಾಶ್ಚಾತ್ಯ ದೇಶಗಳಲ್ಲಿದ್ದಾರೆ. ಇಂದು ಬೆಂಗಳೂರಿನಂತಹ ನಗರಗಳ ತರುಣರಿಗೂ ಈ ಆಟ ಪರಿಚಿತವಾಗಿರುವುದರಿಂದ ಮನೆಯ ಹಿರಿಯರು ಇದರ ಸ್ವರೂಪವನ್ನು ಅರಿತಿರುವುದು ಒಳಿತು.

ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬರು ವೈದ್ಯರಾದರೆ ಇನ್ನೊಬ್ಬರು ಲೇಖಕಿ, ಮತ್ತೊಬ್ಬರು ಪಾದ್ರಿ, ಮಗದೊಬ್ಬರು ಮನೆಯಾಳು. ವೇಷಭೂಷಣವಿಲ್ಲ, ರಂಗಸಜ್ಜಿಕೆಯಿಲ್ಲ, ಎಲ್ಲವೂ ಮಾತಿನಲ್ಲಿಯೇ ನಡೆಯುತ್ತದೆ. ಊರು, ಹವೆ, ಊರಿನ ಜನ ಮತ್ತು ಆ ದೆವ್ವ, ಇವೆಲ್ಲವನ್ನೂ ನಡೆಸಿಕೊಡುವವರು ಒಬ್ಬರಿರುತ್ತಾರೆ. ಅವರನ್ನು ನಾವು ಸೂತ್ರಧಾರರೆಂದು ಕರೆಯೋಣ. ಸಂಶಯದ ಕಾರ್ಯ ಒದಗಿದಾಗ ದಾಳ ಎಸೆದು ಫಲ ನಿರ್ಧರಿಸಲಾಗುತ್ತದೆ. ಇಂತಹ ಪಾತ್ರಾಭಿನಯದ ಆಟಗಳಿಗೆ ನಾಂದಿ ಹಾಡಿದುದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಆ ಮೊದಲ ಆಟದಲ್ಲಿ ದೆವ್ವವೆಂಬುದು ಬಹುತೇಕ ಗೆದ್ದು ಧನ ಗಳಿಸಬೇಕಾದ ಅಡ್ಡಿಯಷ್ಟೇ ಆಗಿತ್ತು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರಚಿಸಿದ ‘ಕಾಲ್ ಆಫ್ ಕ್ತುಲ್ಹು’ ಆಟವು ಹೋರಾಟಕ್ಕಿಂತ ಶೋಧನೆಗೆ ಪ್ರಾಶಸ್ತ್ಯ ನೀಡಿತು. ಬೇಟೆಗೆ ಮೊದಲು ವಿಚಾರಣೆ ಎಂಬ ಪದ್ಧತಿ ಆ ಬಳಿಕ ಬೇರೂರಿತು.

ತಂದೆತಾಯಿಯರ ಆತಂಕಕ್ಕೂ ಒಂದು ಇತಿಹಾಸವಿದೆ. 1979ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 16 ವರ್ಷದ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ, ಆತ ಈ ಆಟದ ಹುಚ್ಚಿನಿಂದ ನೆಲದಡಿಯ ಸುರಂಗಗಳಲ್ಲಿ ಅಲೆಯುತ್ತಿರಬಹುದೆಂದು ಪತ್ರಿಕೆಗಳು ಬರೆದವು. ಹುಡುಗನು ಬೇರೊಂದು ರಾಜ್ಯದಲ್ಲಿ ಜೀವಂತವಾಗಿ ದೊರೆತನು. ಅವನನ್ನು ಕಾಡಿದುದು ಮನಸ್ಸಿನ ತೀವ್ರ ಖಿನ್ನತೆಯೇ ಹೊರತು ಆಟವಲ್ಲವೆಂಬುದು ತರುವಾಯ ತಿಳಿದುಬಂದಿತು. ಆದರೂ 1980ರ ದಶಕದುದ್ದಕ್ಕೂ ಅಲ್ಲಿನ ಹಲವು ಧಾರ್ಮಿಕ ಸಂಘಟನೆಗಳು ಈ ಆಟವನ್ನು ಸೈತಾನನ ಉಪಾಸನೆಯೆಂದು ಖಂಡಿಸಿದವು. ಆಟವೇ ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆಂಬ ಆರೋಪಕ್ಕೆ ಆಧಾರ ದೊರೆಯಲಿಲ್ಲ. ಮಗನ ದುಃಖವನ್ನು ಕೇಳಬೇಕಾದ ಹೊತ್ತಿನಲ್ಲಿ ಹಿರಿಯರು ಅವನ ಕೈಯ ದಾಳವನ್ನು ದೂರಿದರೆಂಬುದೇ ಈ ಪ್ರಸಂಗದಲ್ಲಿ ನನಗೆ ಕಾಣುವ ವಿಷಾದದ ಸಂಗತಿ.

ಈ ಬಗೆಯ ಆಟಗಳಲ್ಲಿ ನನ್ನ ದೃಷ್ಟಿಗೆ ಶ್ರೇಷ್ಠವೆನಿಸಿದುದು ಸ್ವೀಡನ್ ದೇಶದ ‘ವೇಸೆನ್’. ಚಿತ್ರಕಾರ ಯೋಹಾನ್ ಎಗರ್‌ಕ್ರಾನ್ಸ್ ಅವರು ಉತ್ತರ ಯುರೋಪಿನ ಜನಪದ ಜೀವಿಗಳನ್ನು ಕುರಿತು ರಚಿಸಿದ ಸಚಿತ್ರ ಗ್ರಂಥದ ಆಧಾರದ ಮೇಲೆ ನಿಲ್ಸ್ ಹಿಂಟ್ಸೆ ಇದನ್ನು ಬರೆದರು. 2020ರಲ್ಲಿ ಫ್ರಿಯಾ ಲಿಗನ್ ಎಂಬ ಪ್ರಕಾಶನ ಇದನ್ನು ಹೊರತಂದಿತು. ಕಥೆಯ ಕಾಲ 19ನೆಯ ಶತಮಾನ. ಸ್ಟಾಕ್‌ಹೋಮ್ ಮತ್ತು ಗೋಥೆನ್‌ಬರ್ಗ್ ನಗರಗಳ ನಡುವೆ 1862ರಲ್ಲಿ ರೈಲುಮಾರ್ಗ ಪೂರ್ಣಗೊಂಡಿತು. ಕಾರ್ಖಾನೆಗಳು ಎದ್ದವು, 1860ರ ದಶಕದ ಕೊನೆಯಲ್ಲಿ ಬರಗಾಲವೂ ಬಂದಿತು. 1850ರಿಂದ 1930ರ ವರೆಗೆ 10 ಲಕ್ಷಕ್ಕೂ ಮಿಕ್ಕ ಸ್ವೀಡಿಷ್ ಜನರು ಅಮೆರಿಕಕ್ಕೆ ವಲಸೆ ಹೋದರು. ಹಳ್ಳಿಗಳು ಬರಿದಾದಾಗ ಅಲ್ಲಿನ ಕೊಟ್ಟಿಗೆ, ಕೆರೆ, ಕಾಡುಗಳಲ್ಲಿದ್ದವೆಂದು ನಂಬಲಾಗಿದ್ದ ಜೀವಿಗಳ ಗತಿಯೇನಾಯಿತು? ಆಟದ ಮೂಲ ಪ್ರಶ್ನೆಯೇ ಇದು. ಉಪ್ಸಾಲಾ ನಗರದ ಒಂದು ಕಲ್ಪಿತ ಕೋಟೆಮನೆಯಲ್ಲಿ ನೆಲೆಸಿದ ತಂಡವು ಊರೂರಿಗೆ ಹೋಗಿ ಇಂತಹ ತೊಡಕುಗಳನ್ನು ಬಿಡಿಸುತ್ತದೆ. ಒಂದು ಊರಿನ ಕಥೆ ಮುಗಿದ ಬಳಿಕ ಅದೇ ಪಾತ್ರಗಳು ಇನ್ನೊಂದು ಊರಿಗೆ ಹೊರಡುತ್ತವೆ. ಹೀಗೆ ತಿಂಗಳುಗಟ್ಟಲೆ ಸಾಗುವ ಕಥಾಸರಣಿಯಿದು.

ಇಲ್ಲಿ ಗುಂಡು ಹೊಡೆದು ದೆವ್ವವನ್ನು ತೀರಿಸಿಬಿಡುವುದು ಸಾಮಾನ್ಯವಾಗಿ ಸಾಧ್ಯವಾಗದು. ಅದು ಏಕೆ ಕೆರಳಿತು, ಯಾರು ಯಾವ ಮಾತಿಗೆ ತಪ್ಪಿದರು ಎಂಬುದನ್ನು ಅರಿತು ತಕ್ಕ ವಿಧಿಯನ್ನು ಪೂರೈಸಬೇಕು. ಉದಾಹರಣೆಗೆ, ‘ತೊಮ್ತೆ’ ಎಂಬುದು ಹೊಲಮನೆಯನ್ನು ಕಾಯುವ ಪುಟ್ಟ ಮುದುಕ. ಕ್ರಿಸ್‌ಮಸ್ ಹಬ್ಬದ ರಾತ್ರಿ ಅವನಿಗೆ ಬೆಣ್ಣೆ ಹಾಕಿದ ಗಂಜಿಯನ್ನಿಡುವುದು ವಾಡಿಕೆ. ಒಮ್ಮೆ ಒಬ್ಬ ಮನೆಗೆಲಸದ ಹುಡುಗಿ ಹುಡುಗಾಟಕ್ಕೆಂದು ಬೆಣ್ಣೆಯನ್ನು ಗಂಜಿಯ ಅಡಿಯಲ್ಲಿ ಬಚ್ಚಿಟ್ಟಳಂತೆ. ಬೆಣ್ಣೆ ಕಾಣದೆ ಕೋಪಗೊಂಡ ಅವನು ಕೊಟ್ಟಿಗೆಯ ಒಳ್ಳೆಯ ಹಸುವನ್ನೇ ಕೊಂದನು. ಅನಂತರ ಗಂಜಿ ಉಣ್ಣುತ್ತ ತಳದಲ್ಲಿ ಬೆಣ್ಣೆಯನ್ನು ಕಂಡು ಮರುಗಿ, ನೆರೆಯವರ ಕೊಟ್ಟಿಗೆಯಿಂದ ಅಂತಹುದೇ ಹಸುವನ್ನು ಹೊಡೆದುಕೊಂಡು ಬಂದನು! ಈ ಒಂದು ಕಥೆಯಿಂದ ಸೂತ್ರಧಾರನು ಎರಡು ಸಂಜೆಗಳ ಆಟವನ್ನು ಕಟ್ಟಬಹುದು. ಹಸು ಕಳೆದುಕೊಂಡ ನೆರೆಮನೆಯವನು ಈಗ ಯಾರ ಮೇಲೆ ಕಳ್ಳತನದ ದೂರು ಹೊರಿಸಿದ್ದಾನೆ?

ಸ್ಫೂರ್ತಿಯನ್ನು ಎಲ್ಲಿಂದ ಪಡೆಯಬೇಕೆಂಬ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಚಲನಚಿತ್ರದ ಭಯಾನಕ ಮುಖಗಳಿಂದ ಹೆಚ್ಚೇನೂ ದೊರೆಯದು. ಜಾನಪದ ಸಂಗ್ರಹಗಳು, ಹಳೆಯ ಕಾನೂನುಗಳು, ಊರಿನ ಚರಿತ್ರೆ, ಇವೇ ಸೂತ್ರಧಾರನ ಭಂಡಾರ. ‘ಮೀಲಿಂಗ್’ ಎಂಬ ಶಿಶುಪ್ರೇತದ ಕಥೆಯನ್ನು ನೋಡಿ. ಕಾಡಿನಲ್ಲಿಯೋ ಮನೆಯ ನೆಲದಡಿಯಲ್ಲಿಯೋ ಗುಟ್ಟಾಗಿ ಹೂಳಲ್ಪಟ್ಟ ಹಸುಗೂಸು ರಾತ್ರಿಯ ದಾರಿಹೋಕರ ಬೆನ್ನೇರುತ್ತದೆ. ತನ್ನನ್ನು ಪವಿತ್ರಭೂಮಿಯಲ್ಲಿ ಮಣ್ಣು ಮಾಡೆಂದು ಬೇಡುತ್ತದೆ. ಸ್ಮಶಾನ ಸಮೀಪಿಸಿದಂತೆ ಹೆಜ್ಜೆಹೆಜ್ಜೆಗೂ ಭಾರವಾಗುತ್ತ ಹೋಗುತ್ತದೆ. ದೀಕ್ಷಾಸ್ನಾನವಾಗದ ಶಿಶುವಿಗೆ ಅಂದು ಚರ್ಚಿನ ಸ್ಮಶಾನದಲ್ಲಿ ಉಳಿದವರಂತೆ ಸಂಸ್ಕಾರ ದೊರೆಯುತ್ತಿರಲಿಲ್ಲ. ಮದುವೆಯಾಗದೆ ತಾಯಿಯಾದವಳಿಗೆ ಅವಮಾನ ಕಟ್ಟಿಟ್ಟದ್ದು, ಶಿಶುಹತ್ಯೆಗೆ ಮರಣದಂಡನೆಯಿದ್ದಿತು. ಕೊನೆಗೆ 1778ರಲ್ಲಿ ದೊರೆ ಮೂರನೆಯ ಗುಸ್ತಾವನು ಒಂದು ಶಾಸನವನ್ನು ಹೊರಡಿಸಿ, ಅಂತಹ ತಾಯಿ ತನ್ನ ಹೆಸರು ಹೇಳದೆಯೇ ಹೆರಿಗೆಯಾಗಲು ಅವಕಾಶ ಕಲ್ಪಿಸಿದನು. ಕೂಸುಗಳ ಪ್ರಾಣ ಉಳಿಯಲೆಂಬುದೇ ಅದರ ಉದ್ದೇಶ. ಇದನ್ನು ಓದಿದ ಮೇಲೆ ಮೀಲಿಂಗ್ ಕೇವಲ ಹೆದರಿಸುವ ಕಥೆಯಾಗಿ ಉಳಿಯುವುದಿಲ್ಲ.

ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಧಾರಣೆಯಾಗುವ ಸಂಸ್ಕಾರವುಳ್ಳ, ಜನನಸೂತಕವನ್ನೇ ಅಲ್ಲಗಳೆದ ಸಮಾಜ ನಮ್ಮದು. ಆದಕಾರಣ ಈ ಕಥೆ ನಮಗೆ ವಿಚಿತ್ರವಾಗಿ ತೋರಬಹುದು. ಆದರೆ ಹೆಮ್ಮೆಪಡುವ ಮೊದಲು, ಬೇಲಿಯ ಬದಿಯಲ್ಲಿ ಹಸುಗೂಸು ಸಿಕ್ಕಿತೆಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿಯೂ ಬರುತ್ತದೆಂಬುದನ್ನು ಮರೆಯಲಾಗದು.

ದೆವ್ವಗಳ ಭಯವನ್ನು ಬಿಡಿಸಿದ ಶರಣರ ಪರಂಪರೆಯವರು ಅದೇ ದೆವ್ವಗಳನ್ನು ಆಟಕ್ಕೆ ಕರೆಯುವುದು ಸರಿಯೇ ಎಂದು ಹಿರಿಯರು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಇಲ್ಲಿ ಯಾರೂ ದೆವ್ವವನ್ನು ಪೂಜಿಸುವುದಿಲ್ಲ, ಹರಕೆ ಹೊರುವುದಿಲ್ಲ. ಆಟ ಮುಗಿದೊಡನೆ ದಾಳಗಳು ಡಬ್ಬಿ ಸೇರುತ್ತವೆ. ನಿಜವಾದ ಹಾನಿ ನಂಬಿಕೆಯ ಹೆಸರಿನಲ್ಲಿ ಮನುಷ್ಯರನ್ನು ಹಿಂಸಿಸುವಲ್ಲಿದೆ. ಅದನ್ನು ತಡೆಯಲೆಂದೇ ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಕಾನೂನು ರೂಪುಗೊಂಡಿತು. ಭಾನಾಮತಿಯ ಗುಲ್ಲೆದ್ದ ಹಳ್ಳಿಯೊಂದನ್ನು ಕನ್ನಡದ ಸೂತ್ರಧಾರನು ಆಟಕ್ಕೆ ಆರಿಸಿಕೊಳ್ಳುವುದಾದರೆ, ಮಾಟಗಾತಿಯೆಂಬ ಅಪವಾದ ಹೊತ್ತ ವಿಧವೆಯ ಹೊಲದ ಮೇಲೆ ಯಾರ ಕಣ್ಣಿದೆಯೆಂಬ ಸುಳಿವನ್ನು ಮೊದಲು ಬರೆದಿಟ್ಟುಕೊಳ್ಳಲಿ.

ಮೀಲಿಂಗ್ ಕಥೆಯನ್ನು ಆಡಿಸಬಯಸುವವರು ಮೊದಲು ಆಟಗಾರರನ್ನು ಕೇಳಬೇಕು. ಕೂಸನ್ನು ಕಳೆದುಕೊಂಡವರು ಆ ಮೇಜಿನ ಸುತ್ತ ಕುಳಿತಿರಬಹುದು. ಅಡ್ಡಗೀಟು ಬರೆದ ಒಂದು ಚೀಟಿಯನ್ನು ನಡುವೆ ಇರಿಸುವ ರೂಢಿ ಈಗ ಹಲವೆಡೆ ಇದೆ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ಪ್ರಸಂಗವನ್ನು ಕೈಬಿಡಲಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ತೊಮ್ತೆಯ ಕಥೆಯೇ ಸಾಕು.

ಸಿದ್ಧತೆ ಬಹಳ ಬೇಕಿಲ್ಲ. ಮಗು ಯಾರದು, ತಾಯಿ ಈಗ ಎಲ್ಲಿದ್ದಾಳೆ, ಯಾರಿಗೆ ಗೊತ್ತಿದ್ದೂ ಬಾಯಿಬಿಡುತ್ತಿಲ್ಲ, ಯಾರೂ ತಡೆಯದಿದ್ದರೆ ಮೂರನೆಯ ರಾತ್ರಿ ಏನಾಗುತ್ತದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಆಯಿತು. ಆಟಗಾರನು ತನ್ನ ಪಾತ್ರದ ಶಕ್ತಿ ಮತ್ತು ಕೌಶಲಕ್ಕೆ ತಕ್ಕಷ್ಟು ದಾಳಗಳನ್ನು ಎಸೆಯುತ್ತಾನೆ. ಒಂದರಲ್ಲಾದರೂ 6 ಬಿದ್ದರೆ ಕಾರ್ಯ ಸಿದ್ಧಿ. ಬೀಳದಿದ್ದರೆ ಮತ್ತೊಮ್ಮೆ ಎಸೆಯಬಹುದು, ಆದರೆ ಅದಕ್ಕೆ ಬದಲಾಗಿ ದಣಿವನ್ನೋ ಭಯವನ್ನೋ ಹೊತ್ತುಕೊಳ್ಳಬೇಕು. ಕೂಸನ್ನು ಬೆನ್ನಿನ ಮೇಲೆ ಹೊತ್ತು ಸ್ಮಶಾನದತ್ತ ನಡೆಯುವಾಗ ಈ ನಿಯಮವು ಬಹಳ ಚೆನ್ನಾಗಿ ಒಪ್ಪುತ್ತದೆ. ಒಬ್ಬನು ಕುಸಿದರೆ ಇನ್ನೊಬ್ಬನು ಹೆಗಲು ಕೊಡಬೇಕಾಗುತ್ತದೆ. ಸ್ಮಶಾನದ ಗೋಡೆಯ ಬಳಿ ಪಾದ್ರಿಯ ಪಾತ್ರದವರು ಮಗುವಿನ ಹೆಸರನ್ನು ಕೇಳಲಿ. ಆ ಹೆಸರನ್ನು ಸೂತ್ರಧಾರನು ಮೊದಲೇ ಬರೆದಿಟ್ಟಿರಬಾರದು. ಆಟಗಾರರು ಹಗಲಿನಲ್ಲಿ ಆ ತಾಯಿಯನ್ನು ಹುಡುಕಿ ಮಾತನಾಡಿಸಿದ್ದರೆ ಅವಳೇ ಬಂದು ಹೇಳುತ್ತಾಳೆ. ಇಲ್ಲವಾದರೆ ಅವರೇ ಒಂದು ಹೆಸರನ್ನು ಇಡಬೇಕಾಗುತ್ತದೆ.